ಮತದ ತಕ್ಕಡಿ ಸರಿಮಾಡಿದ ಡಾನ್ ಡನ್‌ಸ್ಟನ್

1968ರ ಮಾರ್ಚ್ 2ರಂದು ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ ವಿಧಾನಸಭೆ ಚುನಾವಣೆ ನಡೆಯಿತು. ಆಳುತ್ತಿದ್ದ ಲೇಬರ್ ಪಕ್ಷಕ್ಕೆ ಶೇ 52ರಷ್ಟು ಮತ ಬಿತ್ತು. ಎದುರಾಳಿ ಲಿಬರಲ್ ಅಂಡ್ ಕಂಟ್ರಿ ಲೀಗ್‌ಗೆ ಬಿದ್ದದ್ದು ಶೇ 44ರ ಆಸುಪಾಸು. ಬೇರೆ ಎಲ್ಲೇ ಆಗಿದ್ದರೂ ಇದು ನಿಚ್ಚಳ ಗೆಲುವು. ಆದರೆ ಸೀಟು ಎಣಿಸಿದಾಗ ಇಬ್ಬರಿಗೂ ಹತ್ತೊಂಬತ್ತು ಹತ್ತೊಂಬತ್ತು. ಉಳಿದ ಒಂದು ಸೀಟು ಪಕ್ಷೇತರ ಟಾಮ್ ಸ್ಟಾಟ್ ಅವರದು. ಅವರು ಲೀಗ್ ಕಡೆಗೆ ಕೈ ಎತ್ತಿದರು, ಸರ್ಕಾರ ಬಿತ್ತು. ಅಧಿಕಾರ ಕಳೆದುಕೊಂಡ ಮುಖ್ಯಮಂತ್ರಿಗೆ ಆಗ 41 ವರ್ಷ. ಹೆಸರು ಡಾನ್ ಡನ್‌ಸ್ಟನ್. ಅಲ್ಲಿ ಮುಖ್ಯಮಂತ್ರಿಯನ್ನು ಪ್ರೀಮಿಯರ್ ಎನ್ನುತ್ತಾರೆ.

ಡನ್‌ಸ್ಟನ್ ಎಂದರೆ ಇವತ್ತಿಗೂ ಆಸ್ಟ್ರೇಲಿಯಾದವರಿಗೆ ಮೊದಲು ನೆನಪಾಗುವುದು 1972ರಲ್ಲಿ ಅವರು ಗುಲಾಬಿ ಬಣ್ಣದ ಚಡ್ಡಿ ತೊಟ್ಟು ಶಾಸನಸಭೆಗೆ ಬಂದದ್ದು. ಆ ಫೋಟೋ ಅಷ್ಟು ಪ್ರಸಿದ್ಧ. ಅದು ಅವರ ಬದುಕಿನ ತೀರಾ ಸಣ್ಣ ಸಂಗತಿ ಎಂದು ನನಗೆ ಅನ್ನಿಸುತ್ತದೆ. ಸಲಿಂಗಿಗಳ ಮೇಲಿನ ಶಿಕ್ಷೆ ತೆಗೆದದ್ದು, ಮರಣದಂಡನೆ ರದ್ದು ಮಾಡಿದ್ದು, ಮೂಲನಿವಾಸಿಗಳಿಗೆ ಭೂಮಿಯ ಹಕ್ಕಿನ ಬಾಗಿಲು ತೆರೆದದ್ದು ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಇವಕ್ಕೆಲ್ಲ ತಳಪಾಯ ಬೇರೆ ಇತ್ತು: ಒಬ್ಬನ ಮತಕ್ಕೂ ಇನ್ನೊಬ್ಬನ ಮತಕ್ಕೂ ಒಂದೇ ತೂಕ ಬರುವಂತೆ ಮಾಡಿದ್ದು. ಅದಾಗದಿದ್ದರೆ ಮಿಕ್ಕದ್ದರಲ್ಲಿ ಬಹುಪಾಲು ಕಾಗದದ ಮೇಲೇ ಉಳಿಯುತ್ತಿತ್ತು.

ಮತದ ತೂಕ ಕೆಟ್ಟದ್ದು ಹೇಗೆ ಎಂಬುದನ್ನು ಮೊದಲು ನೋಡೋಣ.

1936ರಲ್ಲಿ ಅಲ್ಲಿನ ಆಳುವ ಲೀಗ್ ಒಂದು ಕಾನೂನು ತಂದಿತು. ವಿಧಾನಸಭೆಗೆ 39 ಕ್ಷೇತ್ರ. ಅದರಲ್ಲಿ 26 ಗ್ರಾಮಾಂತರಕ್ಕೆ, 13 ರಾಜಧಾನಿ ಅಡಿಲೇಡ್‌ಗೆ. ಹಳ್ಳಿಗೆ ಎರಡು ಸೀಟಾದರೆ ನಗರಕ್ಕೆ ಒಂದು. ದೂರದೂರದ ಹಳ್ಳಿಗಳ ದನಿ ನಗರದ ಗದ್ದಲದಲ್ಲಿ ಮುಳುಗಬಾರದು ಎಂಬುದು ಅದಕ್ಕೆ ಕೊಟ್ಟ ಕಾರಣ. ಕೇಳಲು ಸರಿಯೇ ಅನ್ನಿಸುತ್ತದೆ. ಆದರೆ ಮುಂದಿನ ಮೂವತ್ತು ವರ್ಷ ಜನ ನಗರಕ್ಕೆ ಹರಿದುಬರುತ್ತಲೇ ಇದ್ದರು, ಈ ಲೆಕ್ಕ ಮಾತ್ರ ಕದಲಲಿಲ್ಲ. 1960ರ ದಶಕದ ಹೊತ್ತಿಗೆ ರಾಜ್ಯದ ಸುಮಾರು ಮೂರನೇ ಎರಡು ಭಾಗ ಜನ ಅಡಿಲೇಡ್‌ನಲ್ಲಿದ್ದರು. ಅವರಿಗೆ ಸಿಗುತ್ತಿದ್ದದ್ದು ಮೂರನೇ ಒಂದು ಭಾಗ ಸೀಟು. 1968ರಲ್ಲಿ ನಗರದ ಎನ್‌ಫೀಲ್ಡ್ ಕ್ಷೇತ್ರದಲ್ಲಿ ಸುಮಾರು 42,000 ಮತ ಚಲಾವಣೆಯಾದರೆ ಒಣನಾಡಿನ ಫ್ರೋಮ್ ಕ್ಷೇತ್ರದಲ್ಲಿ ಸುಮಾರು 4,500. ಇಬ್ಬರೂ ಕಳಿಸಿದ್ದು ಒಬ್ಬೊಬ್ಬ ಶಾಸಕರನ್ನೇ. ಎನ್‌ಫೀಲ್ಡ್‌ನ ಒಂಬತ್ತು ಜನ ಸೇರಿ ಫ್ರೋಮ್‌ನ ಒಬ್ಬನಿಗೆ ಸಮ.

ಈ ಏರ್ಪಾಡಿನ ಫಲ ಉಂಡವರು ಸರ್ ಥಾಮಸ್ ಪ್ಲೇಫರ್ಡ್. 1938ರಿಂದ 1965ರವರೆಗೆ, 26 ವರ್ಷಕ್ಕೂ ಮೀರಿ, ಅವರೊಬ್ಬರೇ ಪ್ರೀಮಿಯರ್. ಅವರ ಹೆಸರಿನಿಂದಲೇ ಈ ವ್ಯವಸ್ಥೆಗೆ 'ಪ್ಲೇಮ್ಯಾಂಡರ್' ಎಂಬ ಅಡ್ಡಹೆಸರು ಬಿತ್ತು. ಪ್ಲೇಫರ್ಡ್ ಕೆಟ್ಟ ಆಡಳಿತಗಾರರಲ್ಲ, ಅದನ್ನು ಹೇಳಲೇಬೇಕು. ಬೆಟ್ಟದ ಊರಿನಲ್ಲಿ ಚೆರ್ರಿ ತೋಟ ಮಾಡಿಕೊಂಡಿದ್ದ ಈ ಮನುಷ್ಯ ರಾಜ್ಯಕ್ಕೆ ಕಾರ್ಖಾನೆ ತಂದರು, ಕೆಲಸಗಾರರಿಗೆ ಸರ್ಕಾರದಿಂದಲೇ ಮನೆ ಕಟ್ಟಿಸಿದರು, 1946ರಲ್ಲಿ ಖಾಸಗಿ ವಿದ್ಯುತ್ ಕಂಪನಿಯನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಆದರೆ ಅವರು ತಂದ ಕಾರ್ಖಾನೆಗಳೇ ಜನರನ್ನು ನಗರಕ್ಕೆ ಸೆಳೆದವು, ಹಾಗೆ ಬಂದವರ ಮತ ಅಷ್ಟಷ್ಟೂ ಹಗುರವಾಯಿತು. 1962ರಲ್ಲಿ ಲೇಬರ್‌ಗೆ 19, ಲೀಗ್‌ಗೆ 18 ಸೀಟು ಬಂದಾಗಲೂ ಇಬ್ಬರು ಪಕ್ಷೇತರರ ಬೆಂಬಲದಿಂದ ಪ್ಲೇಫರ್ಡ್ ಕುರ್ಚಿಯಲ್ಲೇ ಉಳಿದರು.

ನನಗೆ ಇದರಲ್ಲಿ ಹೆಚ್ಚು ನೋವು ತರುವುದು ಇನ್ನೊಂದು. ಇದೇ ದಕ್ಷಿಣ ಆಸ್ಟ್ರೇಲಿಯಾ 1894ರಲ್ಲೇ ಹೆಂಗಸರಿಗೆ ಮತ ಹಾಕುವ ಹಕ್ಕನ್ನೂ ಚುನಾವಣೆಗೆ ನಿಲ್ಲುವ ಹಕ್ಕನ್ನೂ ಒಟ್ಟಿಗೇ ಕೊಟ್ಟಿತ್ತು. ಜಗತ್ತಿನಲ್ಲಿ ಅಷ್ಟು ಮುಂಚೆ ಹಾಗೆ ಕೊಟ್ಟವರು ಇರಲಿಲ್ಲ. ಅಂಥ ನಾಡು ಮುಂದೆ ಇಂಥ ಸ್ಥಿತಿಗೆ ಬಂತು.

ಡನ್‌ಸ್ಟನ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಲ್ಲ, ಫಿಜಿಯ ಸುವಾದಲ್ಲಿ, 1926ರ ಸೆಪ್ಟೆಂಬರ್ 21ರಂದು. ತಂದೆ ಅಲ್ಲಿನ ಒಂದು ವ್ಯಾಪಾರಿ ಕಂಪನಿಯಲ್ಲಿದ್ದರು. ಬ್ರಿಟಿಷರ ವಸಾಹತಾಗಿದ್ದ ಆ ದ್ವೀಪಕ್ಕೆ 1879ರಿಂದ 1916ರವರೆಗೆ ಸುಮಾರು 60,000 ಭಾರತೀಯರನ್ನು ಕಬ್ಬಿನ ಗದ್ದೆಯ ಜೀತಕ್ಕೆ ಹಡಗಿನಲ್ಲಿ ತಂದಿದ್ದರು. ಮದ್ರಾಸಿನಿಂದ ಹಡಗು ಹತ್ತಿದ ದಕ್ಷಿಣದವರೂ ಅವರಲ್ಲಿದ್ದರು. ಬಿಳಿಯ ಹುಡುಗ ಇಂಥವರ ಮಕ್ಕಳ ಜೊತೆ, ದ್ವೀಪದ ಮೂಲ ಜನರ ಜೊತೆ ಬೆರೆಯುವುದು ಅಲ್ಲಿನ ಬಿಳಿ ಸಮಾಜಕ್ಕೆ ಸೇರುತ್ತಿರಲಿಲ್ಲ. ಈ ಹುಡುಗ ಬೆರೆತ. ಕಾಯಿಲೆಯ ಕಾರಣಕ್ಕೆ ಏಳನೇ ವಯಸ್ಸಿನಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮರ್ರಿ ಬ್ರಿಜ್‌ನ ನೆಂಟರ ಮನೆಗೆ ಕಳಿಸಿದರು. ಆಮೇಲೆ ಅಡಿಲೇಡ್‌ನ ಸೇಂಟ್ ಪೀಟರ್ಸ್ ಎಂಬ ಉಳ್ಳವರ ಶಾಲೆ, ಅಡಿಲೇಡ್ ವಿಶ್ವವಿದ್ಯಾಲಯದಲ್ಲಿ ಕಾನೂನು ವ್ಯಾಸಂಗ. 1949ರಲ್ಲಿ ಗ್ರೆಟೆಲ್ ಎಲ್ಸಾಸರ್ ಅವರನ್ನು ಮದುವೆಯಾದರು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ಕುಟುಂಬ ಅವರದು. ಸ್ವಲ್ಪ ಕಾಲ ಫಿಜಿಯಲ್ಲಿ ವಕೀಲಿ ಮಾಡಿ 1951ರಲ್ಲಿ ಮರಳಿದಾಗ ಕೈಯಲ್ಲಿ ಕಾಸಿಲ್ಲ. ಅಡಿಲೇಡ್‌ನ ನಾರ್ವುಡ್ ಬಡಾವಣೆಯಲ್ಲಿ ಮನೆ ಹಿಡಿದು, ಖರ್ಚು ತೂಗಿಸಲು ಒಂದೆರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟರು.

ನಾರ್ವುಡ್ ಆಗ ಇಟಲಿ, ಗ್ರೀಸ್‌ಗಳಿಂದ ಬಂದವರು ತುಂಬುತ್ತಿದ್ದ ಜಾಗ. ಡನ್‌ಸ್ಟನ್ ಈ ವಲಸಿಗರ ಮನೆಮನೆಗೂ ಹೋದರು. 1953ರಲ್ಲಿ, 26ನೇ ವಯಸ್ಸಿಗೆ, ಅಲ್ಲಿಂದಲೇ ಶಾಸಕರಾದರು. ಕೊನೆಯವರೆಗೂ ಕ್ಷೇತ್ರ ಬದಲಿಸಲಿಲ್ಲ.

ಅವರ ಹೆಸರು ರಾಜ್ಯಕ್ಕೆಲ್ಲ ತಿಳಿದದ್ದು ಮ್ಯಾಕ್ಸ್ ಸ್ಟುವರ್ಟ್ ಮೊಕದ್ದಮೆಯಿಂದ. 1958ರ ಡಿಸೆಂಬರ್‌ನಲ್ಲಿ ಸೆಡ್ಯೂನಾ ಎಂಬ ಕರಾವಳಿ ಊರಿನಲ್ಲಿ ಒಂಬತ್ತು ವರ್ಷದ ಬಾಲಕಿಯ ಕೊಲೆಯಾಯಿತು. ಅರಂಡ ಬುಡಕಟ್ಟಿನ ಮೂಲನಿವಾಸಿ ಸ್ಟುವರ್ಟ್‌ನನ್ನು ಪೊಲೀಸರು ಹಿಡಿದರು. ತಪ್ಪೊಪ್ಪಿಗೆಯ ಆಧಾರದ ಮೇಲೆ ಗಲ್ಲು ಶಿಕ್ಷೆಯಾಯಿತು. ಓದುಬರಹ ಬಾರದ, ಹರಕುಮುರುಕು ಇಂಗ್ಲಿಷ್ ಆಡುವ ಆತನ ಹೇಳಿಕೆ ಮಾತ್ರ ಪಳಗಿದ ಗುಮಾಸ್ತ ಬರೆದ ಇಂಗ್ಲಿಷ್‌ನಂತಿತ್ತು. ಅರಂಡ ಭಾಷೆ ಬಲ್ಲ ವಿದ್ವಾಂಸ ಟೆಡ್ ಸ್ಟ್ರೆಲೋ ಅದು ಸ್ಟುವರ್ಟ್ ಆಡುವ ಮಾತಲ್ಲ ಎಂದು ಹೇಳಿದರು. ಡನ್‌ಸ್ಟನ್ ಸದನದಲ್ಲಿ ಪಟ್ಟು ಹಿಡಿದರು, ಪತ್ರಿಕೆಗಳೂ ಕೂಗೆಬ್ಬಿಸಿದವು. 1959ರಲ್ಲಿ ಸರ್ಕಾರ ರಾಯಲ್ ಕಮಿಷನ್ ಎಂಬ ಉನ್ನತ ತನಿಖಾ ಆಯೋಗ ನೇಮಿಸಬೇಕಾಯಿತು. ಅದು ತೀರ್ಪನ್ನು ಎತ್ತಿಹಿಡಿಯಿತಾದರೂ ಗಲ್ಲು ಜೀವಾವಧಿಗೆ ಇಳಿಯಿತು. ಸ್ಟುವರ್ಟ್ 1973ರಲ್ಲಿ ಪೆರೋಲ್ ಮೇಲೆ ಹೊರಬಂದರು. ಎಷ್ಟೋ ವರ್ಷಗಳ ನಂತರ ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳ ಭೂ ಮಂಡಳಿಗೆ ಅಧ್ಯಕ್ಷರೂ ಆದರು. ಅಂದು ಗಲ್ಲಾಗಿದ್ದರೆ ಈ ಎರಡನೇ ಬದುಕೇ ಇರುತ್ತಿರಲಿಲ್ಲ.

ಡನ್‌ಸ್ಟನ್ ಅವರ ಇನ್ನೊಂದು ಹೋರಾಟ ಸ್ವಂತ ಪಕ್ಷದೊಳಗೇ ಇತ್ತು. ಬಿಳಿಯರಲ್ಲದವರು ದೇಶದಲ್ಲಿ ನೆಲೆಸಬಾರದು ಎಂಬ 'ಬಿಳಿ ಆಸ್ಟ್ರೇಲಿಯಾ ನೀತಿ'ಯನ್ನು ಲೇಬರ್ ಪಕ್ಷ ದಶಕಗಳ ಕಾಲ ತನ್ನ ಧ್ಯೇಯಪತ್ರದಲ್ಲೇ ಇಟ್ಟುಕೊಂಡಿತ್ತು. ಅಗ್ಗದ ಕೂಲಿಯವರು ಬಂದು ಕೆಲಸ ಕಿತ್ತುಕೊಳ್ಳುತ್ತಾರೆಂಬ ಭಯ ಕಾರ್ಮಿಕ ಸಂಘಗಳಲ್ಲಿ ಆಳವಾಗಿತ್ತು. ರಾಷ್ಟ್ರ ಮಟ್ಟದ ನಾಯಕ ಆರ್ಥರ್ ಕಾಲ್ವೆಲ್ ಅದನ್ನು ಬಿಡಲು ಒಪ್ಪುತ್ತಿರಲಿಲ್ಲ. ಡನ್‌ಸ್ಟನ್ ಮತ್ತು ಜೊತೆಗಾರರು ವರ್ಷಗಟ್ಟಲೆ ಪಟ್ಟುಬಿಡದೆ ದುಡಿದು 1965ರ ಸಮ್ಮೇಳನದಲ್ಲಿ ಅದನ್ನು ತೆಗೆಸಿಹಾಕಿದರು. ಪ್ರಧಾನಿ ಗಾಫ್ ವಿಟ್ಲಮ್ ಅವರ ಲೇಬರ್ ಸರ್ಕಾರ 1973ರಲ್ಲಿ ವಲಸೆ ನಿಯಮಗಳಿಂದ ಜನಾಂಗ ಭೇದವನ್ನು ಪೂರಾ ಅಳಿಸಿತು. ಇಂದು ಅಡಿಲೇಡ್, ಮೆಲ್ಬರ್ನ್, ಸಿಡ್ನಿಗಳಲ್ಲಿ ಮನೆ ಮಾಡಿರುವ ಕನ್ನಡಿಗರು ಒಳಹೊಕ್ಕದ್ದು ಹೀಗೆ ತೆರೆದ ಬಾಗಿಲಿನಿಂದ.

1965ರಲ್ಲಿ ಪ್ಲೇಫರ್ಡ್ ಯುಗ ಮುಗಿಯಿತು. ಫ್ರಾಂಕ್ ವಾಲ್ಶ್ ಪ್ರೀಮಿಯರ್, ಡನ್‌ಸ್ಟನ್ ಅಟಾರ್ನಿ ಜನರಲ್, ಅಂದರೆ ಕಾನೂನು ಸಚಿವರು. ಕೆಲಸ ಮೊದಲ ವರ್ಷದಲ್ಲೇ ಹರಿಯತೊಡಗಿತು. ರೋಮಾ ಮಿಚೆಲ್ ರಾಜ್ಯದ ಸುಪ್ರೀಂ ಕೋರ್ಟ್‌ಗೆ ನ್ಯಾಯಾಧೀಶೆಯಾದರು; ಆಸ್ಟ್ರೇಲಿಯಾದ ಯಾವ ಉನ್ನತ ನ್ಯಾಯಾಲಯದಲ್ಲೂ ಅದುವರೆಗೆ ಹೆಣ್ಣು ನ್ಯಾಯಾಧೀಶೆ ಇರಲಿಲ್ಲ. 1966ರಲ್ಲಿ ಮೈಬಣ್ಣ, ಜನಾಂಗಗಳ ಹೆಸರಿನಲ್ಲಿ ಭೇದ ಮಾಡುವುದನ್ನು ಅಪರಾಧವೆಂದು ಸಾರುವ ಕಾನೂನು ಬಂತು, ಅದೂ ದೇಶದಲ್ಲಿ ಮೊದಲು. ಅದೇ ವರ್ಷ ಮೂಲನಿವಾಸಿಗಳ ಮೀಸಲು ಜಮೀನುಗಳನ್ನು ಅವರದೇ ಸದಸ್ಯರಿರುವ ಟ್ರಸ್ಟ್‌ಗೆ ಒಪ್ಪಿಸುವ ಕಾಯ್ದೆಯೂ ಆಯಿತು. ಹೆಂಡದಂಗಡಿಗಳು ಸಂಜೆ ಆರಕ್ಕೇ ಬಾಗಿಲು ಹಾಕಬೇಕೆಂಬ ಅರ್ಧ ಶತಮಾನದ ನಿಯಮ 1967ರಲ್ಲಿ ಹೋಯಿತು. ಕೆಲಸ ಬಿಟ್ಟು ಓಡಿಬಂದು ಆರರೊಳಗೆ ಸಿಕ್ಕಷ್ಟು ಸುರಿದುಕೊಳ್ಳುವುದು ಅಲ್ಲಿನ ಗಂಡಸರ ನಿತ್ಯದ ಚಾಳಿಯಾಗಿತ್ತು.

1967ರ ಜೂನ್ 1ರಂದು ವಾಲ್ಶ್ ಅವರ ಜಾಗಕ್ಕೆ ಡನ್‌ಸ್ಟನ್ ಬಂದರು. ಒಂಬತ್ತು ತಿಂಗಳಲ್ಲಿ ಮೊದಲು ಹೇಳಿದ ಚುನಾವಣೆ.

ಆ ಸೋಲನ್ನು ಅವರು ಬಳಸಿಕೊಂಡ ರೀತಿಯೇ ಈ ಕಥೆಯ ತಿರುವು. ಸೀಟು ಸಮವಾದ ಕೂಡಲೇ ಅವರು ರಾಜೀನಾಮೆ ಕೊಡಲಿಲ್ಲ. ಸದನದಲ್ಲಿ ಬಹುಮತ ಪರೀಕ್ಷೆಯಾಗಲಿ ಎಂದು ಕಾದರು. ಕಾದ ಆರು ವಾರವೂ ಒಂದೇ ಮಾತು: ಹೆಚ್ಚು ಜನಕ್ಕೆ ಬೇಡವಾದವರು ಆಳಲು ಹೊರಟಿದ್ದಾರೆ, ಇದು ಯಾವ ನ್ಯಾಯ? ಅಡಿಲೇಡ್‌ನ ಲೈಟ್ ಸ್ಕ್ವೇರ್‌ನಲ್ಲಿ ಸಾವಿರಾರು ಜನ ಸೇರಿದರು. ಮಿಲಿಸೆಂಟ್ ಎಂಬ ಕ್ಷೇತ್ರದಲ್ಲಿ ಲೇಬರ್ ಗೆದ್ದದ್ದು ಒಂದೇ ಒಂದು ಮತದಿಂದ. ಒಂದು ಕಡೆ ಒಂದು ಮತಕ್ಕೆ ಇಷ್ಟು ಬೆಲೆ, ಇನ್ನೊಂದು ಕಡೆ ಸಾವಿರಾರು ಮತಕ್ಕೆ ಬೆಲೆಯೇ ಇಲ್ಲ. ಏಪ್ರಿಲ್ ಮಧ್ಯದಲ್ಲಿ ಸದನದಲ್ಲಿ ಸೋತು ಕೆಳಗಿಳಿದರು. ಆದರೆ ಪ್ಲೇಮ್ಯಾಂಡರ್ ಎಂಬ ಪದ ಅಷ್ಟರಲ್ಲಿ ಮನೆಮಾತಾಗಿತ್ತು.

ಇಲ್ಲಿ ಎದುರಾಳಿಗೆ ಸಲ್ಲಬೇಕಾದ ಗೌರವ ಸಲ್ಲಿಸಬೇಕು. ಹೊಸ ಪ್ರೀಮಿಯರ್ ಸ್ಟೀಲ್ ಹಾಲ್ ರೈತ ಮನೆತನದವರು, ಗ್ರಾಮಾಂತರದ ಶಾಸಕರು. ಹಳೆಯ ಲೆಕ್ಕದಿಂದಲೇ ಗದ್ದುಗೆ ಹತ್ತಿದವರು. ಆದರೂ ಅವರಿಗೆ ಅದು ಚುಚ್ಚಿತು. ತಮ್ಮ ಪಕ್ಷದ ಹಿರಿಯರ ಮುಖ ಕೆಂಪಾದರೂ ಕ್ಷೇತ್ರಗಳನ್ನು 47ಕ್ಕೆ ಏರಿಸಿ, 28ನ್ನು ನಗರಕ್ಕೆ ಕೊಡುವ ಮರುವಿಂಗಡಣೆ ಮಾಡಿಸಿದರು. ಮುಂದಿನ ಚುನಾವಣೆಯಲ್ಲಿ ತಾವೇ ಸೋಲಬಹುದೆಂದು ಅವರಿಗೆ ಗೊತ್ತಿತ್ತು. ಮರ್ರಿ ನದಿಯ ನೀರಿಗೆ ಎಲ್ಲಿ ಅಣೆಕಟ್ಟು ಕಟ್ಟಬೇಕೆಂಬ ಜಗಳದಲ್ಲಿ ಸ್ಟಾಟ್ ಬೆಂಬಲ ಹಿಂತೆಗೆದರು, 1970ರಲ್ಲಿ ಚುನಾವಣೆ ಬಂತು, ಹಾಲ್ ಸೋತೇಬಿಟ್ಟರು. ಲೇಬರ್‌ಗೆ 47ರಲ್ಲಿ 27. ಅಧಿಕಾರ ಬಿಟ್ಟುಕೊಟ್ಟು ನ್ಯಾಯ ಉಳಿಸಿದ ಇಂಥ ರಾಜಕಾರಣಿಗಳು ಎಲ್ಲ ದೇಶದಲ್ಲೂ ಅಪರೂಪ.

ಕೆಳಮನೆ ಸರಿಯಾದರೂ ಮೇಲ್ಮನೆ ಹಾಗೇ ಇತ್ತು. ಅದಕ್ಕೆ ಮತ ಹಾಕಲು ಆಸ್ತಿ ಅಥವಾ ಮನೆಯ ಹಕ್ಕು ಇರಬೇಕಿತ್ತು. ಸಾವಿರಾರು ಹೆಂಗಸರು, ಬಾಡಿಗೆ ಕೋಣೆಯ ಕೂಲಿಗಳು ಹೊರಗೇ ಉಳಿಯುತ್ತಿದ್ದರು. 1970ರಲ್ಲಿ ಅಲ್ಲಿದ್ದ 20 ಸದಸ್ಯರಲ್ಲಿ ಲೀಗ್‌ನವರು 16. ಕೆಳಮನೆಯಲ್ಲಿ ಎಷ್ಟೇ ಬಹುಮತವಿರಲಿ, ಮೇಲೆ ಈ ಹದಿನಾರು ಜನ ತಲೆಯಾಡಿಸದೆ ಯಾವ ಕಾನೂನೂ ಆಗದು. 1973ರಲ್ಲಿ ಮತ್ತೆ ಗೆದ್ದ ಮೇಲೆ ಡನ್‌ಸ್ಟನ್ ಬಹಳ ಹೆಣಗಿ ಅದನ್ನೂ ಬದಲಿಸಿದರು. ವಯಸ್ಕರಿಗೆಲ್ಲ ಮತ, ಇಡೀ ರಾಜ್ಯವೇ ಒಂದು ಕ್ಷೇತ್ರ, ಪಕ್ಷಕ್ಕೆ ಬಿದ್ದ ಮತದ ಪ್ರಮಾಣಕ್ಕೆ ತಕ್ಕಂತೆ ಸೀಟು. ಒಟ್ಟು ಸದಸ್ಯರು 22, ಒಮ್ಮೆಗೆ ಅರ್ಧ ಜನರ ಆಯ್ಕೆ. ಈ ಹೊಸ ನಿಯಮದ ಮೊದಲ ಚುನಾವಣೆ 1975ರ ಜುಲೈನಲ್ಲಿ ನಡೆಯಿತು. ಗಡಿ ಎಳೆಯುವ ಕೆಲಸವನ್ನು ರಾಜಕಾರಣಿಗಳ ಕೈಯಿಂದ ಕಿತ್ತು ಸ್ವತಂತ್ರ ಆಯೋಗಕ್ಕೆ ಒಪ್ಪಿಸಿ, ಕ್ಷೇತ್ರಕ್ಕೂ ಕ್ಷೇತ್ರಕ್ಕೂ ಮತದಾರರ ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸ ಬಾರದಂತೆ ಕಟ್ಟು ಹಾಕಿದರು.

ಇದರಿಂದ ಏನಾಯಿತು ಎನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 1972ರ ಮೇ 10ರ ರಾತ್ರಿ ಅಡಿಲೇಡ್‌ನ ಟಾರೆನ್ಸ್ ನದಿಯಲ್ಲಿ ಜಾರ್ಜ್ ಡಂಕನ್ ಎಂಬ ಕಾನೂನು ಉಪನ್ಯಾಸಕ ಮುಳುಗಿ ಸತ್ತರು. ಆ ದಂಡೆ ಸಲಿಂಗಿ ಗಂಡಸರು ಗುಟ್ಟಾಗಿ ಸೇರುವ ಜಾಗ. ಡಂಕನ್ ಅವರನ್ನು ನೀರಿಗೆ ನೂಕಿದವರೆಂಬ ಶಂಕೆ ಪೊಲೀಸರ ಮೇಲೇ ಬಂತು, ಯಾರಿಗೂ ಶಿಕ್ಷೆಯಾಗಲಿಲ್ಲ. ಊರು ಬೆಚ್ಚಿಬಿತ್ತು. ಅದೇ ವರ್ಷ ಲೀಗ್‌ನ ಸದಸ್ಯರೊಬ್ಬರೇ ಮುಂದೆ ಬಂದು ಅರೆಬರೆ ರಕ್ಷಣೆಯ ಕಾನೂನೊಂದನ್ನು ತಂದರು. 1973ರಲ್ಲಿ ಲೇಬರ್ ಶಾಸಕ ಪೀಟರ್ ಡಂಕನ್ ಪೂರ್ಣ ವಿಮೋಚನೆಯ ಮಸೂದೆ ತಂದರೆ ಮೇಲ್ಮನೆ ಸೋಲಿಸಿತು. ಸತ್ತವರಿಗೂ ಇವರಿಗೂ ಹೆಸರಿನಲ್ಲಷ್ಟೇ ಸಾಮ್ಯ, ನೆಂಟಸ್ತನವಿಲ್ಲ. 1975ರಲ್ಲಿ, ಮೇಲ್ಮನೆಯ ಹೊಸ ಚುನಾವಣೆಯಾದ ಕೆಲವೇ ವಾರಗಳಲ್ಲಿ, ಅದೇ ಮಸೂದೆ ಪಾಸಾಯಿತು. ಆಸ್ಟ್ರೇಲಿಯಾದಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಪೂರ್ಣವಾಗಿ ಒಪ್ಪಿದ ಮೊದಲ ರಾಜ್ಯ ಅದು. 1976ರಲ್ಲಿ ಮರಣದಂಡನೆ ರದ್ದಾಯಿತು. ಅದೇ ವರ್ಷ ಗಂಡನಿಂದಾಗುವ ಅತ್ಯಾಚಾರವೂ ಅತ್ಯಾಚಾರವೇ ಎಂದು ಕಾನೂನು ಒಪ್ಪಿತು. ಅದೂ ಆ ದೇಶದಲ್ಲಿ ಮೊದಲು.

ಆ ದಶಕದ ಅಡಿಲೇಡ್ ನೋಡಿದವರು ಊರಿನ ಗಾಳಿಯೇ ಬೇರೆಯಾಯಿತು ಎನ್ನುತ್ತಾರೆ. 1973ರಲ್ಲಿ ನದಿಯ ದಂಡೆಯ ಮೇಲೆ ಫೆಸ್ಟಿವಲ್ ಸೆಂಟರ್ ಎಂಬ ರಂಗಮಂದಿರ ಎದ್ದಿತು. ಸರ್ಕಾರವೇ ಸಿನಿಮಾ ನಿಗಮ ಕಟ್ಟಿ, ಸೊರಗಿದ್ದ ಆಸ್ಟ್ರೇಲಿಯಾದ ಚಿತ್ರೋದ್ಯಮಕ್ಕೆ ಉಸಿರು ಕೊಟ್ಟಿತು. ಪೇಟೆಯ ಮುಖ್ಯ ಬೀದಿ ರಂಡಲ್ ಸ್ಟ್ರೀಟ್‌ನ ಒಂದು ಭಾಗದಲ್ಲಿ ವಾಹನ ಸಂಚಾರ ನಿಲ್ಲಿಸಿ ಕಾಲುನಡಿಗೆಯವರಿಗೆ ಬಿಟ್ಟುಕೊಟ್ಟರು. ಪಾನೀಯದ ಖಾಲಿ ಡಬ್ಬಿ, ಬಾಟಲಿ ಮರಳಿಸಿದರೆ 5 ಸೆಂಟ್ ವಾಪಸ್ ಸಿಗುವ ಕಾಯ್ದೆ 1975ರಲ್ಲಿ ಪಾಸಾಗಿ 1977ರಲ್ಲಿ ಜಾರಿಗೆ ಬಂತು. ಪಾನೀಯ ಕಂಪನಿಗಳ ವಿರೋಧ ಜೋರಾಗಿತ್ತು. ನ್ಯೂ ಸೌತ್ ವೇಲ್ಸ್ ಇಂಥದ್ದೇ ಯೋಜನೆ ತರಲು 2017 ಆಗಬೇಕಾಯಿತು, ವಿಕ್ಟೋರಿಯಾಕ್ಕೆ 2023.

ರಾಜ್ಯಪಾಲರ ನೇಮಕದಲ್ಲೂ ಅವರು ಹಳೆ ಜಾಡು ಬಿಟ್ಟರು. 1971ರಲ್ಲಿ ಅಡಿಲೇಡ್‌ನಲ್ಲೇ ಹುಟ್ಟಿದ ಭೌತವಿಜ್ಞಾನಿ ಮಾರ್ಕ್ ಆಲಿಫಂಟ್. 1976ರಲ್ಲಿ ಸರ್ ಡಗ್ಲಾಸ್ ನಿಕೋಲ್ಸ್, ಯೋರ್ಟಾ ಯೋರ್ಟಾ ಸಮುದಾಯದ ಪಾದ್ರಿ, ಒಂದು ಕಾಲದ ಹೆಸರಾಂತ ಫುಟ್ಬಾಲ್ ಆಟಗಾರ. ಮೂಲನಿವಾಸಿಯೊಬ್ಬರು ರಾಜ್ಯಪಾಲರ ಕುರ್ಚಿಯಲ್ಲಿ ಕುಳಿತದ್ದು ಅದೇ ಮೊದಲು. ಆರೋಗ್ಯ ಕೈಕೊಟ್ಟು ಅವರು ಕೆಲವೇ ತಿಂಗಳಲ್ಲಿ ಇಳಿದರು.

1976ರ ಜನವರಿಯ ಒಂದು ಘಟನೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಭವಿಷ್ಯ ಹೇಳುವವನೊಬ್ಬ ಇಂಥ ದಿನ ಮಧ್ಯಾಹ್ನ ಭೂಕಂಪವಾಗಿ, ಸಮುದ್ರ ಉಕ್ಕಿ ಅಡಿಲೇಡ್ ಮುಳುಗುತ್ತದೆ ಎಂದುಬಿಟ್ಟ. ಕೆಲವರು ಮನೆ ಮಾರಿ ಊರು ಬಿಟ್ಟರು. ಆ ದಿನ ಪ್ರೀಮಿಯರ್ ಸ್ವತಃ ಗ್ಲೆನೆಲ್ಗ್ ಕಡಲ ತೀರಕ್ಕೆ ಹೋಗಿ ಜನರ ನಡುವೆ ನಿಂತರು. ಗಳಿಗೆ ಮೀರಿತು, ಏನೂ ಆಗಲಿಲ್ಲ. ಹೆದರಿದವರ ಜೊತೆ ಹೋಗಿ ನಿಲ್ಲುವುದೂ ಆಡಳಿತದ ಭಾಗ ಎಂದು ಅವರಿಗೆ ತಿಳಿದಿತ್ತು.

ಎಲ್ಲವೂ ಕೈಗೂಡಿತೆಂದಲ್ಲ. ಮರ್ರಿ ಬ್ರಿಜ್ ಹತ್ತಿರ ಮೊನಾರ್ಟೊ ಎಂಬ ಹೊಸ ನಗರ ಕಟ್ಟಲು ರೈತರ ಜಮೀನು ಕೊಂಡರು, ನಕ್ಷೆ ಬರೆಸಿದರು, ಗಿಡ ನೆಡಿಸಿದರು. ಜನಸಂಖ್ಯೆ ಅಂದಾಜಿನಷ್ಟು ಬೆಳೆಯಲಿಲ್ಲ, ಕೇಂದ್ರದ ಹಣ ನಿಂತಿತು. ನಗರ ಏಳಲೇ ಇಲ್ಲ. ಇವತ್ತು ಅಲ್ಲಿರುವುದು ದೊಡ್ಡದೊಂದು ಬಯಲು ಮೃಗಾಲಯ. ಜಮೀನು ಬಿಟ್ಟುಕೊಟ್ಟ ರೈತರ ಪಾಲಿಗೆ ಅದು ಸಣ್ಣ ತಪ್ಪಲ್ಲ.

ಡನ್‌ಸ್ಟನ್ ಅವರನ್ನು ಹಣ್ಣು ಮಾಡಿದ್ದು ಪೊಲೀಸ್ ಕಡತಗಳ ಪ್ರಕರಣ. ಪೊಲೀಸರ ಸ್ಪೆಷಲ್ ಬ್ರಾಂಚ್ ವರ್ಷಗಳಿಂದ ರಾಜಕಾರಣಿಗಳು, ಕಾರ್ಮಿಕ ನಾಯಕರು, ಪಾದ್ರಿಗಳು, ಸಲಿಂಗಿಗಳು ಎಂದು ಸಾವಿರಾರು ಜನರ ಗುಟ್ಟಿನ ದಾಖಲೆ ಇಟ್ಟಿತ್ತು. ನ್ಯಾಯಮೂರ್ತಿ ಮೈಕೆಲ್ ವೈಟ್ ಪರಿಶೀಲಿಸಿ, ಅದರಲ್ಲಿ ಬಹಳಷ್ಟು ಭದ್ರತೆಗೆ ಸಂಬಂಧವಿಲ್ಲದ್ದು ಎಂದರು. ಪೊಲೀಸ್ ಕಮಿಷನರ್ ಹೆರಾಲ್ಡ್ ಸ್ಯಾಲಿಸ್‌ಬರಿ ಸರ್ಕಾರಕ್ಕೆ ದಾರಿತಪ್ಪಿಸುವ ಉತ್ತರ ಕೊಟ್ಟಿದ್ದರೆಂದು ಡನ್‌ಸ್ಟನ್ 1978ರ ಜನವರಿಯಲ್ಲಿ ಸ್ಯಾಲಿಸ್‌ಬರಿಯವರನ್ನು ವಜಾ ಮಾಡಿದರು. ಬೀದಿಯಲ್ಲಿ ಪ್ರತಿಭಟನೆ ಭುಗಿಲೆದ್ದಿತು. ರೋಮಾ ಮಿಚೆಲ್ ನೇತೃತ್ವದ ರಾಯಲ್ ಕಮಿಷನ್ ವಜಾ ಸರಿಯೆಂದೇ ಹೇಳಿತು. ಆದರೆ ಆ ಹೊತ್ತಿಗೆ ಡನ್‌ಸ್ಟನ್ ಒಳಗಿಂದ ಕುಸಿಯುತ್ತಿದ್ದರು. 1976ರಲ್ಲಿ ಮದುವೆಯಾಗಿದ್ದ ಎರಡನೇ ಪತ್ನಿ, ಮಲೇಷ್ಯಾ ಮೂಲದ ಪತ್ರಕರ್ತೆ ಅಡೆಲ್ ಕೋ, 1978ರ ಅಕ್ಟೋಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

1979ರ ಫೆಬ್ರವರಿ 15. ಅಡಿಲೇಡ್‌ನ ಆಸ್ಪತ್ರೆಯೊಂದರಲ್ಲಿ, ರಾತ್ರಿಯುಡುಪಿನ ಮೇಲೊಂದು ಗೌನು ಹಾಕಿಕೊಂಡು, ಕ್ಯಾಮೆರಾಗಳ ಎದುರು ಕುಳಿತು ಅವರು ರಾಜೀನಾಮೆ ಓದಿದರು. ಕೈ ನಡುಗುತ್ತಿತ್ತು. ಆ ವರ್ಷವೇ ಲೇಬರ್ ಸೋತು ಡೇವಿಡ್ ಟಾಂಕಿನ್ ಅವರ ಲಿಬರಲ್ ಸರ್ಕಾರ ಬಂತು. ವಾಯವ್ಯದ ಮರುಭೂಮಿಯಲ್ಲಿ ಪಿಟ್ಜಂಜಾರ ಜನರಿಗೆ ಅವರ ಪೂರ್ವಿಕರ ನೆಲದ ಹಕ್ಕು ಕೊಡುವ ಮಸೂದೆಯನ್ನು ಡನ್‌ಸ್ಟನ್ 1978ರಲ್ಲಿ ಮಂಡಿಸಿದ್ದರು. ರಾಜ್ಯದ ಸುಮಾರು ಹತ್ತನೇ ಒಂದು ಭಾಗದಷ್ಟು ನೆಲ ಅದು. ಆ ಕೆಲಸ 1981ರಲ್ಲಿ ಟಾಂಕಿನ್ ಸರ್ಕಾರದಿಂದಲೇ ಪೂರ್ತಿಯಾಯಿತು.

ಆಮೇಲೆ ಡನ್‌ಸ್ಟನ್ ಕೆಲಕಾಲ ವಿಕ್ಟೋರಿಯಾದ ಪ್ರವಾಸೋದ್ಯಮ ಇಲಾಖೆಯಲ್ಲಿ ದುಡಿದರು. ಅಡಿಗೆ ಅವರಿಗೆ ಪ್ರಾಣ. ಅಧಿಕಾರದಲ್ಲಿದ್ದಾಗಲೇ ಪಾಕಪುಸ್ತಕ ಬರೆದವರು. 1994ರಲ್ಲಿ ನಾರ್ವುಡ್‌ನಲ್ಲೇ ತಮ್ಮ ಸಂಗಾತಿಯ ಜೊತೆ ಒಂದು ಹೋಟೆಲು ತೆರೆದರು. ಕೊನೆಯ ವರ್ಷಗಳಲ್ಲಿ ಸರ್ಕಾರಿ ಆಸ್ತಿಗಳ ಖಾಸಗೀಕರಣದ ವಿರುದ್ಧ ವೇದಿಕೆ ಹತ್ತಿ ಮಾತಾಡಿದರು. 1999ರ ಫೆಬ್ರವರಿ 6ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು.

ಅವರ ಹಳೆಯ ನಾರ್ವುಡ್ ಕ್ಷೇತ್ರಕ್ಕೆ 2014ರ ಚುನಾವಣೆಯಿಂದ ಡನ್‌ಸ್ಟನ್ ಎಂದೇ ಹೆಸರು. ಆ ಹೆಸರಿನ ಕ್ಷೇತ್ರದಿಂದ ಗೆದ್ದ ಸ್ಟೀವನ್ ಮಾರ್ಷಲ್ 2018ರಲ್ಲಿ ಪ್ರೀಮಿಯರ್ ಆದರು. ಅವರು ಲಿಬರಲ್ ಪಕ್ಷದವರು. ಅವರು ಬಿಟ್ಟ ಸೀಟಿಗೆ 2024ರ ಮಾರ್ಚ್‌ನಲ್ಲಿ ಉಪಚುನಾವಣೆ ನಡೆದಾಗ ಲೇಬರ್ ಅಭ್ಯರ್ಥಿ ಕೆಲವೇ ನೂರು ಮತಗಳಿಂದ ಗೆದ್ದರು. ಎಣಿಕೆ ಮುಗಿಯಲು ಹಲವು ದಿನ ಹಿಡಿಯಿತು, ಒಂದೊಂದು ಮತವನ್ನೂ ನೋಡಿದರು.